ಅರಿಶಿನ ಹಚ್ಚಿದ ಕಾರ್ಡು

ಹೋದ ತಿಂಗಳು ಒಬ್ಬ ಹುಡುಗಿ ನಾಲ್ಕು ಹಾಳೆಯ ಫಾರಂ ಹಿಡಿದುಕೊಂಡು ಹೊಸಪೇಟೆಯ ನಮ್ಮ ಮನೆಗೆ ಬಂದಳು. ದುಡಿಮೆ ಹುಡುಕಿ ಊರು ಬಿಟ್ಟವರ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವುದು ಯಾವುದರ ಬಲದಿಂದ, ಹತ್ತಿದವರು ನಡುವೆ ಇಳಿಯದೆ ಉಳಿಯುವುದು ಯಾವುದರ ಬಲದಿಂದ ಎಂಬುದು ಅವಳ ಸಂಶೋಧನೆಯ ವಿಷಯ. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಅದಕ್ಕೂ ಮೊದಲು ಕಂಪ್ಲಿ ಹತ್ತಿರದ ಕಾಲುವೆ ದಂಡೆಯ ಗುಡಿಸಲಿನಿಂದ ಓದಲು ಬರುತ್ತಿದ್ದವನು. ಇದನ್ನು ಯಾರೋ ಅವಳ ಕಿವಿಗೆ ಹಾಕಿದ್ದರು. "ಆ ಜಾಗ ತೋರಿಸ್ತೀರಾ ಸರ್?" ಎಂದಳು. ನಿವೃತ್ತನಿಗೆ ಬೇರೇನು ಕೆಲಸ? ಇಬ್ಬರೂ ಕಂಪ್ಲಿ ಬಸ್ಸು ಹತ್ತಿದೆವು.

ಗುಡಿಸಲುಗಳಿದ್ದ ಕಡೆ ಈಗ ಬಾಳೆ ತೋಟ ಇದೆ. ಕಾಲುವೆಯ ತೂಬಿನ ಕಟ್ಟೆ ಮಾತ್ರ ಇದ್ದಲ್ಲೇ ಇತ್ತು. ಅದರ ಮೇಲೆ ಕೂತು ಫಾರಂ ತುಂಬತೊಡಗಿದೆ. ಕೊನೆಯ ಹಾಳೆಯಲ್ಲಿ ಒಂದು ಪ್ರಶ್ನೆ: ಉನ್ನತ ಶಿಕ್ಷಣ ಮುಂದುವರಿಸಲು ನಿಮಗೆ ಸಿಕ್ಕ ಪ್ರೇರಣೆ ಯಾವುದು? ಕೆಳಗೆ ಐದು ಚೌಕ. ತಂದೆ-ತಾಯಿಯ ಪ್ರೋತ್ಸಾಹ, ಗುರುಗಳ ಮಾರ್ಗದರ್ಶನ, ನೌಕರಿಯ ಆಸೆ, ಸಮಾಜದಲ್ಲಿ ಗೌರವ, ಇತರೆ. ನಾನು ಮೊದಲ ನಾಲ್ಕಕ್ಕೂ ಟಿಕ್ ಹಾಕಿದೆ. 'ಇತರೆ' ಎಂಬುದರ ಮುಂದೆ ವಿವರಿಸಲು ಒಂದು ಗೆರೆ ಇತ್ತು. ಅದನ್ನು ಖಾಲಿ ಬಿಟ್ಟು ಸಹಿ ಹಾಕಿ ಕೊಟ್ಟೆ. ಹುಡುಗಿ ಖುಷಿಯಾಗಿ ಫಾರಂ ಚೀಲಕ್ಕೆ ಸೇರಿಸಿದಳು.

ಅಷ್ಟರಲ್ಲಿ ಆಚೆ ಹೊಲದಲ್ಲಿ ಯಾರೋ ರವದಿಗೆ ಬೆಂಕಿ ಇಟ್ಟರು. ಕಬ್ಬು ಕಡಿದ ಮೇಲೆ ಉಳಿಯುವ ಒಣ ಗರಿಗೆ ನಮ್ಮ ಕಡೆ ರವದಿ ಅನ್ನುತ್ತಾರೆ. ಅದು ಉರಿಯುವಾಗ ಹೊಗೆಯಲ್ಲಿ ಬೆಲ್ಲ ಸೀದಂಥ ಒಂದು ವಾಸನೆ ಇರುತ್ತದೆ. ಅದು ಮೂಗಿಗೆ ಬಡಿದದ್ದೇ ತಡ, ಕೂತಿದ್ದ ಕಟ್ಟೆಯ ಮೇಲಿಂದ ಎದ್ದು ನಿಂತೆ. "ಯಾಕೆ ಸರ್, ಹೊಗೆ ಆಗೋದಿಲ್ವಾ?" ಎಂದು ಕೇಳಿದಳು ಆ ಹುಡುಗಿ. ಹೌದಮ್ಮ ಎಂದೆ. ನಾನು ಮೊಟ್ಟಮೊದಲ ದೊಡ್ಡ ಸುಳ್ಳನ್ನು ಓದಿದ್ದು ಅದೇ ಕಟ್ಟೆಯ ಮೇಲೆ. ಇಷ್ಟು ವರ್ಷದ ಮೇಲೆ ಅಲ್ಲೇ ಕೂತು ಇನ್ನೊಂದಕ್ಕೆ ಸಹಿ ಹಾಕಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮದು ಕೂಡ್ಲಿಗಿ ಆಚೆಯ, ಮಳೆಯನ್ನೇ ನಂಬಿದ ಬೆದ್ದಲು ಸೀಮೆ. ನಾನು ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಕೂಲಿಯವರ ಗ್ಯಾಂಗಿನ ಜೊತೆ ಕಾಲುವೆ ಸೀಮೆಗೆ ಬಂದಳು. ಒಂದು ಸುಗ್ಗಿಗೆಂದು ಬಂದವರು ಅಲ್ಲೇ ನಿಂತುಬಿಟ್ಟೆವು. ಮಳೆಗಾಲಕ್ಕೆ ಭತ್ತದ ನಾಟಿ, ಆಮೇಲೆ ಕೊಯ್ಲು, ಚಳಿ ಬಿದ್ದ ಮೇಲೆ ಬೇಸಿಗೆವರೆಗೆ ಕಬ್ಬು. ವರ್ಷವಿಡೀ ಕಾಲುವೆಯಲ್ಲಿ ನೀರು, ವರ್ಷವಿಡೀ ಕೈತುಂಬ ಕೆಲಸ. ಕಂಪ್ಲಿಯ ರೈಸ್‌ಮಿಲ್ಲುಗಳ ಸದ್ದು ನಮ್ಮ ಗುಡಿಸಲವರೆಗೂ ಕೇಳುತ್ತಿತ್ತು. ಸುತ್ತಲಿನವರು ನಮ್ಮ ಗುಡಿಸಲುಗಳಿಗೆ ಕ್ಯಾಂಪ್ ಅನ್ನುತ್ತಿದ್ದರು. ನಾವೂ ಹಾಗೇ ಅನ್ನುತ್ತಿದ್ದೆವು.

ಆ ಕ್ಯಾಂಪಿನಲ್ಲಿ ಓದು ಬರುತ್ತಿದ್ದವನು ನಾನೊಬ್ಬನೇ. ಹಾಳೂರಿಗೆ ಉಳಿದವನೇ ಗೌಡ. ಹೊಸಪೇಟೆಯಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದ ನನಗೆ ಗೌಡಕಿ ತಲೆಗೆ ಏರಿತ್ತು. ಅಂಚೆಯವನು ನಮ್ಮ ಕ್ಯಾಂಪಿನ ಕಾಗದಗಳನ್ನು ಕಂಪ್ಲಿ ಬಸ್‌ಸ್ಟ್ಯಾಂಡಿನ ಚಹಾ ಹೋಟೆಲಿನಲ್ಲಿ ಕೊಟ್ಟು ಹೋಗುತ್ತಿದ್ದ. ಸಂಜೆ ಬಸ್ಸಿಳಿದು ನಾನು ಅವನ್ನು ತರುತ್ತಿದ್ದೆ. ತೂಬಿನ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರದೇ ಓದಿ ಹೇಳುತ್ತಿದ್ದೆ. ಹೆಂಗಸರು ಶೇಂಗಾ ಹುರಿದು ತಂದು ಕೊಡುತ್ತಿದ್ದರು. ಅವರಿಗಿಂತ ನಾನು ಒಂದು ಮೆಟ್ಟಿಲು ಮೇಲೆ ಎಂದು ನನಗೆ ನಾನೇ ಅಂದುಕೊಂಡಿದ್ದೆ. ನೆನೆಸಿಕೊಂಡರೆ ಈಗ ಮೈಯೆಲ್ಲ ಹಿಡಿಯಾಗುತ್ತದೆ.

ಅಕ್ಷರ ಬರದವರಿಗೂ ಕಾಗದ ಗುರುತಿಸುವ ಒಂದು ದಾರಿ ಇತ್ತು. ಶುಭದ ಕಾಗದಕ್ಕೆ ಕಳಿಸುವವರು ನಾಲ್ಕೂ ಮೂಲೆಗೆ ಅರಿಶಿನ ಹಚ್ಚುತ್ತಿದ್ದರು. ಸಾವಿನ ಕಾಗದವನ್ನು ಓದಿದ ಕೂಡಲೇ ಹರಿದು ಹಾಕಬೇಕು, ಮನೆಯೊಳಗೆ ತರಬಾರದು. ಹಾಗಾಗಿ ಕಾಗದ ಕೈಗೆ ಬಂದ ತಕ್ಷಣ ಎಲ್ಲರೂ ಮೊದಲು ನೋಡುವುದು ಮೂಲೆಗಳನ್ನು.

ಅವ್ವನ ಜೊತೆ ಜೋಡಿಯಾಗಿ ಕೆಲಸ ಮಾಡುತ್ತಿದ್ದವಳು ದುರುಗಮ್ಮ. ಅವಳೂ ಗಂಡ ಸತ್ತವಳು, ಆರು ವರ್ಷದ ಮಗಳು ಹುಲಿಗೆಮ್ಮನನ್ನು ಕಟ್ಟಿಕೊಂಡು ನಮ್ಮ ಪಕ್ಕದ ಗುಡಿಸಲಲ್ಲಿದ್ದಳು. ನಾನು ಅವಳನ್ನು ಚಿಗವ್ವ ಅನ್ನುತ್ತಿದ್ದೆ. ಕಬ್ಬಿನ ಕೆಲಸ ನಡೆಯುವುದು ಜೋಡಿಯ ಮೇಲೆ. ಒಬ್ಬರು ಬುಡಕ್ಕೆ ಕಡಿಯಬೇಕು, ಇನ್ನೊಬ್ಬರು ಗರಿ ಸುಲಿದು ಹೊರೆ ಕಟ್ಟಬೇಕು. ಅವ್ವ ಕಡಿಯುತ್ತಿದ್ದಳು, ದುರುಗಮ್ಮ ಕಟ್ಟುತ್ತಿದ್ದಳು. ಗ್ಯಾಂಗಿನ ಮೇಸ್ತ್ರಿ ಬಸಣ್ಣ ಹಂಗಾಮಿನ ಮೊದಲ ದಿನವೇ ಕಟ್ಟು ಮಾಡಿದ್ದ: "ಜೋಡಿ ಮುರದ್ರ ನಿಮ್ಮ ಮನಿಯವ್ರ ಒಬ್ರು ಬಂದು ನಿಲ್ಲಬೇಕು ನೋಡ್ರಿ." ಎರಡೂ ಮನೆ ಸೇರಿ ಹಾಗೆ ನಿಲ್ಲಬಲ್ಲವನು ನಾನೊಬ್ಬನೇ.

ಸಂಕ್ರಾಂತಿ ಕಳೆದ ಮೇಲೆ ದುರುಗಮ್ಮ ಅಣ್ಣನ ಮಗಳ ಮದುವೆಗೆಂದು ಊರಿಗೆ ಹೋಗಿ ಮೂರು ದಿನ ಬರಲಿಲ್ಲ. ಮೂರು ದಿನವೂ ನಾನು ಅವಳ ಸಾಲಿನಲ್ಲಿ ನಿಂತು ರವದಿ ಸುಲಿದೆ. ಕಬ್ಬಿನ ಗರಿ ಬ್ಲೇಡಿನ ಹಾಗೆ ಕೊಯ್ಯುತ್ತದೆ. ನಾಲ್ಕನೇ ದಿನ ತುಂಬು ತೋಳಿನ ಅಂಗಿ ತೊಟ್ಟು ಕಾಲೇಜಿಗೆ ಹೋದೆ. ಆದರೂ ಕಂಪ್ಲಿಯ ಅಕ್ಕಿ ವ್ಯಾಪಾರಿಯೊಬ್ಬರ ಮಗ, ನನ್ನ ಪಕ್ಕ ಕೂರುತ್ತಿದ್ದವನು, ಮಣಿಕಟ್ಟು ನೋಡಿಬಿಟ್ಟ. "ಏನಲೇ ಈರಣ್ಣ, ಬೆಕ್ಕು ಪರಚೇತೇನು?" ಎಂದು ನಕ್ಕ. "ಹೂಂ, ಬೆಕ್ಕು" ಎಂದೆ. ಭಾನುವಾರ ಹಂಪಿ ಬಜಾರಿಗೆ ಹೋಗೋಣ ಬಾ ಎಂದು ಕರೆದ. ಕಾಲುವೆ ದಂಡೆಯ ನಮ್ಮ ಗುಡಿಸಲು ಅವನಿಗೆ ಗೊತ್ತಾಗಬಾರದೆಂದು ಅದಕ್ಕೂ ಏನೋ ನೆಪ ಹೇಳಿದೆ.

ಅದೇ ವಾರ ಆಫೀಸಿನ ಗುಮಾಸ್ತರು ಕರೆದು ಹಾಜರಿ ಪುಸ್ತಕ ತೋರಿಸಿದರು. ನಾಟಿಯ ದಿನಗಳಲ್ಲೂ ಕೊಯ್ಲಿನ ದಿನಗಳಲ್ಲೂ ನಾನು ಸಾಕಷ್ಟು ತಪ್ಪಿಸಿಕೊಂಡಿದ್ದೆ. "ನೋಡಪಾ, ಇನ್ನ ಮ್ಯಾಲ ನಾಕು ದಿನ ತಪ್ಪಿದ್ರ ಪರೀಕ್ಷಾಕ ಕುಂದ್ರಾಕ ಬಿಡಂಗಿಲ್ಲ. ನಾನು ಏನೂ ಮಾಡಾಕ ಬರಂಗಿಲ್ಲ" ಎಂದರು. ಪರೀಕ್ಷೆ ತಪ್ಪಿತೆಂದರೆ ಮುಗಿಯಿತು, ಮುಂದಿನ ವರ್ಷಕ್ಕೆ ಕಾಲೇಜು ಇಲ್ಲ, ಮಚ್ಚು ಹಿಡಿದು ಸಾಲಿಗೆ ಇಳಿಯುವುದೇ. ಉಳಿದ ದಿನಗಳನ್ನು ಬೆರಳಲ್ಲಿ ಎಣಿಸತೊಡಗಿದೆ.

ಫೆಬ್ರವರಿ ಕೊನೆಯಲ್ಲಿ ಒಂದು ಸಂಜೆ ಹೋಟೆಲಿನವರು ದುರುಗಮ್ಮನ ಹೆಸರಿನ ಒಂದು ಕಾರ್ಡು ಕೊಟ್ಟರು. ತರಗತಿಗಳು ಮುಗಿಯಲು ಹನ್ನೆರಡು ದಿನ ಉಳಿದಿದ್ದವು. ದಾರಿಯಲ್ಲೇ ಓದಿದೆ. ಅವಳ ಅಣ್ಣ ಊರ ಮಾಸ್ತರರ ಕೈಲಿ ಬರೆಸಿದ್ದ: 'ಅವ್ವ ಹಾಸಿಗೆ ಹಿಡಿದಿದ್ದಾಳೆ. ಅನ್ನ ಬಿಟ್ಟಿದ್ದಾಳೆ. ನಿನ್ನ ಹೆಸರು ಹಿಡಿದು ಕರೆಯುತ್ತಾಳೆ. ಕಾಗದ ಕಂಡ ಕೂಡಲೇ ಹೊರಟು ಬಾ.' ಮೂಲೆಗಳಿಗೆ ಏನೂ ಹಚ್ಚಿರಲಿಲ್ಲ.

ಕಾಲುವೆ ದಂಡೆಯಲ್ಲಿ ನಿಂತು ಇನ್ನೊಮ್ಮೆ ಓದಿದೆ. ನನ್ನ ತಲೆಯಲ್ಲಿ ಬಂದದ್ದು ಆ ಮುದುಕಿಯ ಮುಖವಲ್ಲ, ದುರುಗಮ್ಮನದೂ ಅಲ್ಲ. ಬಂದದ್ದು ಗುಮಾಸ್ತರ ಹಾಜರಿ ಪುಸ್ತಕ. ಇವಳು ಹೋದರೆ ಬರುವುದು ಯಾವಾಗಲೋ, ಅಷ್ಟೂ ದಿನ ಸಾಲಿನಲ್ಲಿ ನಾನೇ ನಿಲ್ಲಬೇಕು. ವಯಸ್ಸಾದವರು ಹಾಸಿಗೆ ಹಿಡಿಯುತ್ತಾರೆ, ಏಳುತ್ತಾರೆ. ಹನ್ನೆರಡು ದಿನ ಕಳೆಯಲಿ, ಇನ್ನೊಂದು ಕಾಗದ ಬಂತೆಂದು ಹೇಳಿ ಕಳಿಸಿದರಾಯಿತು. ಹೀಗೆಲ್ಲ ಲೆಕ್ಕ ಹಾಕಿದೆ. ಓದಿದವನ ಬುದ್ಧಿ ನೋಡಿ, ಪಾಪ ಮಾಡುವ ಮೊದಲೇ ಅದಕ್ಕೆ ಸಮಜಾಯಿಷಿ ಬರೆದಿಟ್ಟುಕೊಂಡಿತ್ತು. ಗುಡಿಸಲಿಗೆ ಬಂದರೆ ಅವ್ವ ನೀರಿಗೆ ಹೋಗಿದ್ದಳು. ಅರಿಶಿನದ ಡಬ್ಬಿ ತೆಗೆದೆ. ಬೆರಳು ಅದ್ದಿ ನಾಲ್ಕೂ ಮೂಲೆಗೆ ಹಚ್ಚಿದೆ.

ಉಳಿದವರು ಇನ್ನೂ ಕೈಕಾಲು ತೊಳೆಯುತ್ತಿದ್ದಾಗಲೇ ದುರುಗಮ್ಮ ತೂಬಿನ ಹತ್ತಿರ ಬಂದಳು. ಕಾರ್ಡು ನೋಡಿ ಅವಳ ಮುಖ ಅರಳಿತು. "ಅರಿಶಿಣ ಹಚ್ಚ್ಯಾರಲ್ಲೋ! ಓದು, ಓದು ಲಗೂನ." ನಾನು ಓದಿದೆ. ಎಲ್ಲರೂ ಕ್ಷೇಮ. ಅವ್ವ ಆರಾಮಾಗಿದ್ದಾಳೆ. ದಿನಾ ನಿನ್ನನ್ನು ನೆನೆಸುತ್ತಾಳೆ. ಕಬ್ಬಿನ ಕೆಲಸ ಮುಗಿಸಿಕೊಂಡು ನಿಧಾನವಾಗಿ ಬಾ.

"ನನ್ನವ್ವ ನೆನಸ್ತಾಳಂತ?"

"ಹೂಂ ಚಿಗವ್ವ. ದಿನಾ ಅಂತ."

"ಇನ್ನೊಂದು ಸಲ ಓದಪಾ."

ಇಲ್ಲದ್ದನ್ನು ಎರಡನೇ ಸಲ ಓದುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಮೊದಲು ಹೇಳಿದ ಮಾತು ಅದೇ ವರಸೆಯಲ್ಲಿ ಬರಬೇಕು. ಕಣ್ಣೆದುರು 'ಹೊರಟು ಬಾ' ಎಂದಿದ್ದರೆ ಬಾಯಿ 'ನಿಧಾನವಾಗಿ ಬಾ' ಅನ್ನುತ್ತಿತ್ತು. ಅವಳು ಕಾರ್ಡನ್ನು ಕಣ್ಣಿಗೆ ಒತ್ತಿಕೊಂಡು ಎಲೆ-ಅಡಿಕೆಯ ಸಂಚಿಯಲ್ಲಿ ಇಟ್ಟುಕೊಂಡಳು. ಆಮೇಲೆ ಬಂದ ಹೆಂಗಸರಿಗೆಲ್ಲ, "ನಮ್ಮವ್ವ ಆರಾಮ ಅದಾಳಂತ" ಎಂದು ತಾನೇ ಹೇಳಿದಳು. ಮರುದಿನ ನನಗೆಂದು ಒಂದು ಬೊಗಸೆ ಹುರಿದ ಶೇಂಗಾ ಬಂತು. ನಾನು ಅದನ್ನು ತಿಂದೆ.

ಎಂಟನೇ ದಿನಕ್ಕೆ ಎರಡನೆಯ ಕಾರ್ಡು ಬಂತು. ಅದು ಶನಿವಾರ, ಅರ್ಧ ದಿನದ ಕಾಲೇಜು. ಮಧ್ಯಾಹ್ನವೇ ಬಸ್ಸಿಳಿದವನು ಕಾರ್ಡು ಹಿಡಿದು ನೇರ ಹೊಲಕ್ಕೆ ಓಡಿದೆ. ಆಚೆ ಮಡಿಯಲ್ಲಿ ರವದಿ ಸುಡುತ್ತಿದ್ದರು, ಸಿಹಿ ಹೊಗೆ ಎಲ್ಲರ ಮೇಲೂ ಕವಿದಿತ್ತು. ನಾನು ಇದ್ದದ್ದನ್ನು ಇದ್ದ ಹಾಗೇ ಓದಿದೆ. ಮುದುಕಿ ತೀರಿಕೊಂಡಿದ್ದಳು. ಮಣ್ಣು ಮಾಡಿದ ಮೇಲೆ ಬರೆಸಿದ್ದ ಕಾಗದ ಅದು.

ದುರುಗಮ್ಮ ಅಳಲಿಲ್ಲ. ಕೈಯಲ್ಲಿದ್ದ ಹೊರೆಯನ್ನು ಕಟ್ಟಿ ಮುಗಿಸಿದಳು. ಆಮೇಲೆ ನನ್ನ ಹತ್ತಿರ ಬಂದು, ಬೇರೆಯವರಿಗೆ ಕೇಳದಂತೆ, "ಹಿಂದಿನ ಕಾಗದದಾಗ ಆರಾಮ ಅಂತ ಇತ್ತಲ್ಲೋ?" ಎಂದು ಕೇಳಿದಳು. "ಹಂಗ ಇತ್ತು ಚಿಗವ್ವ. ಏನೋ ಒಮ್ಮಿಗೆಲೆ ಆಗಿರಬೇಕು" ಎಂದೆ. ಪದ್ಧತಿಯಂತೆ ಆ ಕಾರ್ಡನ್ನು ಹರಿದು ಕಾಲುವೆಗೆ ಹಾಕಿದೆ. ಹರಿಯಬೇಕಾಗಿದ್ದ ಇನ್ನೊಂದು ಅವಳ ಸಂಚಿಯಲ್ಲಿತ್ತು. ಅವಳು ಮಗಳನ್ನು ಎತ್ತಿಕೊಂಡು ಅದೇ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಊರಿನ ಬಸ್ಸಿಗೆ ಹೋದಳು.

ಸೋಮವಾರ ಬೆಳಿಗ್ಗೆ ನಾನು ಹಳೆ ಅಂಗಿ ತೊಟ್ಟು ಸಾಲಿನಲ್ಲಿ ಹೋಗಿ ನಿಂತೆ. ಪರೀಕ್ಷೆ ಹೋದರೆ ಹೋಗಲಿ, ಹೀಗಾದರೂ ತೀರಲಿ ಅನ್ನಿಸಿತ್ತು. ಪಕ್ಕದ ಸಾಲಿನ ಮುದುಕಿ ನಿಂಗಮ್ಮ ನನ್ನನ್ನು ನೋಡಿ ಮಚ್ಚು ಕೆಳಗಿಟ್ಟಳು. ಗ್ಯಾಂಗಿನಲ್ಲಿ ಎಲ್ಲರಿಗಿಂತ ಹಿರಿಯಳು ಅವಳೇ.

"ನೀ ಯಾಕ ಬಂದಿ? ಕಾಲೇಜಿಗೆ ಹೋಗು."

"ಜೋಡಿ ಮುರದೈತಲ್ಲಬೇ ಆಯಿ."

"ಅದು ಮದುವಿ-ಹಬ್ಬಕ್ಕ ಹೋದವ್ರಿಗೆ ಮಾಡಿದ ಕಟ್ಟು. ಸಾವಿಗೆ, ಬ್ಯಾನಿಗೆ ಹೋದವ್ರ ಸಾಲು ಎಲ್ಲಾರದು. ನಾವು ಹಂಚಿಕೊಂಡು ಕಡಿತೀವಿ. ಇಷ್ಟು ವರ್ಷ ಕ್ಯಾಂಪಿನಾಗ ಅದಿ, ಇದು ಗೊತ್ತಿಲ್ಲೇನು ನಿನಗ?"

"ಬ್ಯಾನಿಗೂ?"

"ಹೂಂ. ಬ್ಯಾನಿಗೂ."

ಸಾವಿನ ಹಾಗೆ ಕಾಯಿಲೆಗೂ ಆ ಕಟ್ಟು ಇಲ್ಲವೆಂಬುದು ನನಗೆ ಗೊತ್ತಿರಲಿಲ್ಲ. ಕೂಲಿಯವರ ರೀತಿ-ರಿವಾಜು ತಿಳಿದುಕೊಂಡು ನನಗೇನಾಗಬೇಕೆಂದು ಅವರ ಮಾತಿಗೆ ಕಿವಿಯನ್ನೇ ಕೊಟ್ಟಿರಲಿಲ್ಲ. ಕಾರ್ಡನ್ನು ಇದ್ದ ಹಾಗೆ ಓದಿದ್ದರೆ ದುರುಗಮ್ಮ ಮರುದಿನವೇ ತಾಯಿಯ ಮುಖ ನೋಡುತ್ತಿದ್ದಳು, ನನ್ನದು ಒಂದು ದಿನದ ಹಾಜರಿಯೂ ತಪ್ಪುತ್ತಿರಲಿಲ್ಲ. ಯಾರಾದರೊಬ್ಬರನ್ನು ಕೇಳಿದ್ದರೆ ಮುಗಿದುಹೋಗುತ್ತಿದ್ದ ಮಾತು. ಆ ಬೆಳಿಗ್ಗೆ ಅವರು ನನ್ನನ್ನು ಸಾಲಿನಿಂದ ಅಟ್ಟಿದರು. ನಾನು ಬಸ್ಸು ಹತ್ತಿ ಕಾಲೇಜಿಗೆ ಹೋಗಿ ಹಾಜರಿ ಹೇಳಿದೆ.

ಆಮೇಲಿನ ದಿನಗಳಲ್ಲಿ ಪುಸ್ತಕ ತೆರೆದರೆ ಅಕ್ಷರಗಳೇ ಬೇಡ ಅನ್ನಿಸುತ್ತಿತ್ತು. ದುರುಗಮ್ಮ ವಾಪಸು ಬರುವುದರೊಳಗೆ ಎಲ್ಲಾದರೂ ಓಡಿಹೋಗಬೇಕೆಂದು ಒಂದು ಭಾನುವಾರ ಸಂಡೂರಿಗೆ ಹೋದೆ. ಅಲ್ಲಿ ಅದಿರು ತುಂಬುವ ಕೆಲಸಕ್ಕೆ ಯಾರು ಹೋದರೂ ಹಿಡಿದುಕೊಳ್ಳುತ್ತಾರೆಂದು ಕೇಳಿದ್ದೆ. ಅಲ್ಲಿಯ ಮೇಸ್ತ್ರಿ ನನ್ನ ಮುಖ ನೋಡಿ, "ಓದಿದಂಗ ಕಾಣ್ತಿ. ಬುಟ್ಟಿ ಬ್ಯಾಡ, ಕುಂತು ಲಾರಿ ನಂಬರ್ ಬರ್ಕ" ಎಂದು ಪುಸ್ತಕ ಚಾಚಿದ. "ನನಗ ಓದು-ಬರಹ ಬರಂಗಿಲ್ರಿ" ಎಂದೆ. ಸಂಜೆವರೆಗೆ ಬುಟ್ಟಿ ಹೊತ್ತೆ. ತಲೆಯಿಂದ ಕಾಲವರೆಗೆ ಕೆಂಪಾಗಿ ಬಂದ ಮಗನನ್ನು ನೋಡಿ ಅವ್ವ ಗಾಬರಿಯಾದಳು. ಓದು ಬಿಡುತ್ತೇನೆ ಎಂದೆ. ಯಾಕೆ ಎಂದು ಕೇಳಿದಳು. ಮೈ ತೊಳೆಯಬೇಕೆಂದು ಕಾಲುವೆಗೆ ಎದ್ದು ಹೋದೆ.

ದುರುಗಮ್ಮ ಹನ್ನೊಂದನೇ ದಿನದ ಕಾರ್ಯ ಮುಗಿಸಿ ಬಂದಳು. ಬಂದವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎರಡು ದಿನ ಹಾಗೇ ಕಳೆಯಿತು. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಲೇ ಇದ್ದೆ. ಮೂರನೇ ಸಂಜೆ, ಹೆಂಗಸರೆಲ್ಲ ತೂಬಿನ ಹತ್ತಿರ ಕೂತಿದ್ದಾಗ, ಅವಳು ಒಂದು ಇನ್‌ಲ್ಯಾಂಡ್ ಕಾಗದ ತಂದು ನನ್ನ ಮುಂದೆ ಇಟ್ಟಳು. ಅದರ ಪಕ್ಕದಲ್ಲಿ ಸಂಚಿಯಿಂದ ತೆಗೆದ ಆ ಹಳೇ ಕಾರ್ಡನ್ನೂ ಇಟ್ಟಳು. ಮೂಲೆಗಳ ಹಳದಿ ಹಾಗೇ ಇತ್ತು. ಊರಲ್ಲಿ ಅದನ್ನು ಬರೆದ ಮಾಸ್ತರರೇ ಓದಿ ಹೇಳಿರಬೇಕು.

"ನಮ್ಮಣ್ಣಗ ಒಂದು ಕಾಗದ ಬರಿ."

ಪೆನ್ನು ತೆಗೆದೆ. ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳತೊಡಗಿದಳು.

"ಅಣ್ಣಾ, ನೀ ಬರೆಸಿದ ಕಾಗದ ನನಗ ಮುಟ್ಟಿತ್ತು. ಅವ್ವ ಹಾಸಿಗಿ ಹಿಡದಾಳ ಅಂತನ ಹುಡುಗ ಓದಿದ. ಇದ್ದದ್ದು ಇದ್ದಂಗ ಓದಿದ. ನಾನ ಬರಲಿಲ್ಲ. ಮೂಲಿಗೆ ಹತ್ತಿದ ಅರಿಶಿಣ ನನ್ನ ಕೈದು, ಅಡಗಿ ಮಾಡಾಗ ಹತ್ತೇತಿ. ಹುಡುಗನ್ನ ಬಡಿಯಾಕ ಬರತೀನಿ ಅಂದಿದ್ದ್ಯಲ್ಲ, ಬರಬ್ಯಾಡ. ತಪ್ಪು ನಂದು."

ನನ್ನ ಕೈ ನಿಂತಿತು. "ಬರಿ" ಎಂದಳು. ಬರೆದೆ.

ಮೊದಲು ಬಾಯಿ ಬಿಟ್ಟವಳು ನಿಂಗಮ್ಮ. "ಏನವ್ವ ದುರುಗಿ, ಗೊತ್ತಿದ್ದೂ ಹೋಗಲಿಲ್ಲೇನು? ನಮಗ ಆರಾಮ ಅದಾಳ ಅಂತ ಹೇಳಿದ್ದ್ಯಲ್ಲ?"

"ಸುಳ್ಳು ಹೇಳಿದ್ದೆ."

"ನಿನ್ನ ಸಾಲು ನಾವು ಕಡಿತಿರಲಿಲ್ಲೇನು? ನಮ್ಮನ್ನ ಏನಂತ ತಿಳದಿದ್ದಿ ನೀನು?"

"ಬುದ್ಧಿ ಕೆಟ್ಟಿತ್ತು" ಎಂದಳು ದುರುಗಮ್ಮ.

ಆಗ ನಾನು ಬಾಯಿ ತೆರೆಯಬೇಕಾಗಿತ್ತು. ಸುಳ್ಳು ನನ್ನದು, ಬೆರಳು ನನ್ನದು ಎಂದು ಎರಡು ಮಾತು ಹೇಳಿದ್ದರೆ ಸಾಕಾಗಿತ್ತು. ನಾನು ತಲೆ ತಗ್ಗಿಸಿ ವಿಳಾಸ ಬರೆದೆ. ಕಾರ್ಡಿಗೆ ಅರಿಶಿನ ಹಚ್ಚಿದ್ದನ್ನು ಭಯ ಎನ್ನಬಹುದು, ಹದಿನೆಂಟರ ದಡ್ಡತನ ಎನ್ನಬಹುದು. ಆ ಸಂಜೆ ಸುಮ್ಮನೆ ಕೂತದ್ದಕ್ಕೆ ಏನೆನ್ನಬೇಕೋ ನನಗೆ ಇವತ್ತಿಗೂ ಸಿಕ್ಕಿಲ್ಲ. "ಓದಿ ಹೇಳು" ಎಂದಳು. ಬರೆದದ್ದನ್ನು ಮೊದಲಿಂದ ಕೊನೆವರೆಗೆ ಅವರೆಲ್ಲರ ಮುಂದೆ ಓದಿದೆ. ಹೆಂಗಸರು ಒಬ್ಬೊಬ್ಬರೇ ಎದ್ದು ಹೋದರು. ಆಮೇಲೆ ಬಹಳ ದಿನ ಅವಳ ಬೆನ್ನ ಹಿಂದೆ 'ಹಡದಾಕಿ ಮಾರಿ ನೋಡಲಾರದಾಕಿ' ಎಂಬ ಮಾತು ಓಡಾಡಿತು.

ಮರುದಿನ ಬೆಳಿಗ್ಗೆ ಅವ್ವ ಒಲೆಯ ಮುಂದೆ ಕೂತವಳು ತಿರುಗದೆಯೇ ಕೇಳಿದಳು: "ಅವತ್ತೊಂದಿನ ಅರಿಶಿಣದ ಡಬ್ಬಿ ಮುಚ್ಚಳ ತೆಗದು ಬಿಟ್ಟೋರು ಯಾರು?" ನಾನು ಪುಸ್ತಕ ಎತ್ತಿಕೊಂಡು ಹೊರಗೆ ನಡೆದೆ, ಅವಳು ಎರಡನೇ ಸಲ ಕೇಳಲಿಲ್ಲ.

ಕಾಗದ ಡಬ್ಬಿಗೆ ಹಾಕಲು ದುರುಗಮ್ಮ ನನ್ನ ಜೊತೆ ಕಂಪ್ಲಿಯ ದಾರಿಯಲ್ಲಿ ಬಂದಳು. ಅರ್ಧ ದಾರಿಗೆ ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಹಿಂದಕ್ಕೆ ಸರಿದಳು.

"ಏಳು ಮ್ಯಾಲೆ. ನಿನ್ನ ಸಲುವಾಗಿ ಬರೆಸಿಲ್ಲ, ತಿಳ್ಕ."

"ಮತ್ತ್ಯಾಕ ಬರೆಸಿದಿ ಚಿಗವ್ವ?"

"ನಮ್ಮಣ್ಣ ಬಂದಿದ್ರ ಕ್ಯಾಂಪಿಗೆಲ್ಲ ಗೊತ್ತಾಗತಿತ್ತು. ಕ್ಯಾಂಪಿನಾಗ ಓದಿದೋನು ನೀನೊಬ್ಬನ. ಓದಿದೋನ ಹಿಂಗ ಮಾಡಿದ ಅಂದ್ರ ನಾಳಿಗೆ ಯಾರು ತಮ್ಮ ಹುಡುಗ್ರನ್ನ ಇಸ್ಕೂಲಿಗೆ ಹಾಕ್ತಾರ? ಬರೋ ಜೂನಿಗೆ ನಮ್ಮ ಹುಲಿಗೆಮ್ಮನ ಹೆಸರು ಹಚ್ಚಬೇಕು ನಾನು. ಈಗ ಬ್ಯಾರೆ ನಮ್ಮಣ್ಣ ಹೆಣ್ಣಿಗ್ಯಾಕ ಓದು ಅಂತಾನ."

ಸ್ವಲ್ಪ ದೂರ ನಡೆದಳು. ಆಮೇಲೆ ನಿಂತು ನನ್ನ ಮುಖಕ್ಕೆ ಬೆರಳು ತೋರಿಸಿದಳು.

"ಓದು ಬಿಡ್ತೀನಿ ಅಂದ್ಯಂತ, ನಿಮ್ಮವ್ವ ಹೇಳಿದ್ಲು. ಬಿಡು ನೋಡೋಣು. ನೀ ಬಿಟ್ಟ ದಿನ ಯಾಕ ಬಿಟ್ಟಿ ಅಂತ ಕ್ಯಾಂಪಿಗೆಲ್ಲ ನಾನ ಹೇಳತೀನಿ. ಎಷ್ಟು ಓದಾಕ ಬರತೈತೋ ಅಷ್ಟೂ ಓದಬೇಕು ನೀನು. ನನ್ನವ್ವನ ಕಡೀ ಸಲದ ಮಾರಿ ತಿಂದಿ. ಅದನ್ನ ದಂಡ ಮಾಡಬ್ಯಾಡ."

ನನ್ನನ್ನು ಓದಿಸಿದ ಮಾತು ಇದೇ. ಗುರುಗಳೂ ಅಲ್ಲ, ನೌಕರಿಯ ಆಸೆಯೂ ಅಲ್ಲ. ಅವ್ವನ ಪ್ರೋತ್ಸಾಹ ಇತ್ತು, ಅದಕ್ಕೆ ನಾನು ಯೋಗ್ಯನಾಗಿರಲಿಲ್ಲ. ಪಿಯುಸಿ ಪಾಸಾಯಿತು, ಬಿ.ಎ. ಆಯಿತು, ಎಂ.ಎ. ಆಯಿತು. ಸಾಕೆನ್ನಿಸಿದಾಗಲೆಲ್ಲ ಆ ಬೆರಳು ಮುಖದ ಮುಂದೆ ಬರುತ್ತಿತ್ತು.

ಅದಕ್ಕಿಂತ ದೊಡ್ಡ ಶಿಕ್ಷೆ ಇನ್ನೊಂದಿತ್ತು. ದುರುಗಮ್ಮ ತನಗೆ ಬಂದ ಕಾಗದಗಳನ್ನು ಆಮೇಲೂ ನನ್ನ ಹತ್ತಿರವೇ ತಂದಳು. ಚಹಾ ಹೋಟೆಲಿನವರ ಕೈಲಿ ಓದಿಸಬಹುದಿತ್ತು, ಓದಿಸಲಿಲ್ಲ. ರಜೆಗೆ ನಾನು ಕ್ಯಾಂಪಿಗೆ ಬರುವವರೆಗೆ ಕಾಗದವನ್ನು ಸಂಚಿಯಲ್ಲೇ ಇಟ್ಟುಕೊಂಡು ಕಾಯುತ್ತಿದ್ದಳು. ಹುಲಿಗೆಮ್ಮ ಇಸ್ಕೂಲಿಗೆ ಸೇರಿ ಮೂರನೇ ಇಯತ್ತೆಗೆ ಬಂದ ವರ್ಷ ಒಂದು ಕಾಗದ ತಂದಳು. ನಾನು ತೂಬಿನ ಕಟ್ಟೆಯ ಮೇಲೆ ಕೂತು ಓದುತ್ತಿದ್ದರೆ ಮಗಳನ್ನು ನನ್ನ ಪಕ್ಕಕ್ಕೆ ನಿಲ್ಲಿಸಿದಳು. ಆ ಕೂಸು ನಾನು ಓದಿದ ಒಂದೊಂದು ಸಾಲಿನ ಕೆಳಗೂ ಬೆರಳು ಓಡಿಸುತ್ತ ಬಂತು. ಮುಗಿದ ಮೇಲೆ ದುರುಗಮ್ಮ ನನ್ನನ್ನು ನೋಡಲಿಲ್ಲ, ಮಗಳನ್ನು ಕೇಳಿದಳು.

"ಹಂಗ ಐತೇನು?"

"ಹೂಂ ಯವ್ವ, ಹಂಗ ಐತಿ."

ಕಾಗದ ಮಡಿಚಿ ಸಂಚಿಗೆ ಹಾಕಿಕೊಂಡಳು. ಯಾಕೆ ಹಾಗೆ ಕೇಳಿದಳೆಂದು ಆ ಹುಡುಗಿಗೆ ಗೊತ್ತಾಗಲಿಲ್ಲ. ಆಮೇಲೂ ಅವಳಿಗೆ ಯಾರೂ ಹೇಳಲಿಲ್ಲ.

ಹುಲಿಗೆಮ್ಮ ಈಗ ಕಂಪ್ಲಿ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಕೆಲವು ವರ್ಷದ ಹಿಂದೆ ದುರುಗಮ್ಮ ತೀರಿಕೊಂಡಾಗ ಹೋಗಿದ್ದೆ. ಬಂದವರೆಲ್ಲ ಎದ್ದು ಹೋದ ಮೇಲೆ ಹುಲಿಗೆಮ್ಮ ನನ್ನ ಪಕ್ಕ ಕೂತು ಹೇಳಿದಳು: "ನಮ್ಮವ್ವ ಭಾಳ ಗಟ್ಟಿ ಹೆಂಗಸು ಅಣ್ಣಾ. ಎಲ್ಲಾದ್ರಾಗೂ ಛಲೋ. ಆದ್ರ ಹಡದ ತಾಯಿ ಹಾಸಿಗಿ ಹಿಡದಾಳ ಅಂತ ಗೊತ್ತಿದ್ದೂ ಹೋಗಲಿಲ್ಲಂತ. ಅದೊಂದು ನನಗ ಇವತ್ತಿಗೂ ನುಂಗಾಕ ಆಗಂಗಿಲ್ಲ. ನಿನಗೇನರ ಗೊತ್ತೇನು, ಯಾಕ ಹಂಗ ಮಾಡಿದ್ಲು?"

ದುರುಗಮ್ಮ ಇಲ್ಲ, ಕ್ಯಾಂಪ್ ಇಲ್ಲ, ಬಡಿಗೆ ಹಿಡಿದು ಬರುವ ಅಣ್ಣನೂ ಇಲ್ಲ. ಹೆದರಲು ಒಂದು ಕಾರಣವೂ ಉಳಿದಿರಲಿಲ್ಲ. "ಗೊತ್ತಿಲ್ಲವ್ವ" ಎಂದೆ.

ಫಾರಂನ ಆ ಖಾಲಿ ಗೆರೆಯ ಮೇಲೆ ಬರೆಯಬೇಕಾಗಿದ್ದದ್ದು ಇಷ್ಟು. ಸಂಶೋಧನೆಯ ಹುಡುಗಿಗೆ ಫೋನು ಮಾಡಿ, ನನ್ನ ಟಿಕ್ಕುಗಳನ್ನು ಲೆಕ್ಕಕ್ಕೆ ಹಿಡಿಯಬೇಡಮ್ಮ, ಸ್ವಲ್ಪ ದಿನ ತಡಿ ಎಂದು ಹೇಳಿದ್ದೇನೆ. ಅವಳ ಕೈಗೆ ಕೊಡುವ ಮೊದಲು ಈ ಹಾಳೆಗಳನ್ನು ಲಕೋಟೆಗೆ ಹಾಕಿ ಹುಲಿಗೆಮ್ಮನ ವಿಳಾಸ ಬರೆದಿದ್ದೇನೆ. ಸಾಲಿನ ಕೆಳಗೆ ಬೆರಳಿಟ್ಟು ಅವಳೇ ಓದಿಕೊಳ್ಳಲಿ. ಓದಿ ಆದ ಮೇಲೆ ನನ್ನನ್ನು ಅಣ್ಣ ಅನ್ನುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು. ಮೂಲೆಗಳಿಗೆ ಏನೂ ಹಚ್ಚಿಲ್ಲ.